ಬರಿದಲೆಯ ಎರಡು ಗಂಟೆ

ನನ್ನ ಬೋಳುತಲೆಯ ಮೇಲೆ ಹದಿನಾಲ್ಕು ಮಚ್ಚೆಗಳಿವೆಯೆಂದು ಮೊದಲು ಎಣಿಸಿ ಹೇಳಿದವರು ಡಾಕ್ಟರ್ ಫಾಮ್. ಅದುವರೆಗೆ ನಾನು ಅವುಗಳನ್ನು ಮಚ್ಚೆಗಳೆಂದೇ ಭಾವಿಸಿರಲಿಲ್ಲ. ಕ್ವೀನ್ಸ್‌ಲ್ಯಾಂಡಿನ ಬಿಸಿಲಿನಲ್ಲಿ ಐವತ್ತು ವರ್ಷ ಬೇಲಿ ಹಾಕುತ್ತ, ಕಬ್ಬು ಕಡಿಯುತ್ತ, ಟೊಮೇಟೊ ಬಿಡಿಸುತ್ತ, ಕುರಿಯ ಉಣ್ಣೆ ಕತ್ತರಿಸುವ ಗ್ಯಾಂಗುಗಳಿಗೆ ಅಡುಗೆ ಮಾಡುತ್ತ ಊರಿಂದೂರಿಗೆ ಅಲೆದವನ ನೆತ್ತಿ ಮರಳುಕಾಗದದಂತೆ ಒರಟಾಗಿರುವುದು ಸಹಜವೆಂದೂ, ಅದು ದುಡಿಮೆಗೆ ಸಂದ ಒಂದು ಬಗೆಯ ಪದಕವೆಂದೂ ತಿಳಿದಿದ್ದೆ. ಕೂದಲಿದ್ದ ಕಾಲದಲ್ಲಿ ನಾನು ಟೋಪಿ ಹಾಕಲಿಲ್ಲ, ಏಕೆಂದರೆ ಕೂದಲು ಕೆಂಪಾಗಿತ್ತು ಮತ್ತು ಹುಡುಗಿಯರು ನೋಡುತ್ತಿದ್ದರು. ಕೂದಲೂ ಹುಡುಗಿಯರೂ ಒಟ್ಟಿಗೇ ಹೊರಟುಹೋದ ಮೇಲೆ, ನಲವತ್ಮೂರನೆಯ ವಯಸ್ಸಿನಲ್ಲಿ, ಅಗಲ ಅಂಚಿನ ಒಂದು ಫೆಲ್ಟ್ ಟೋಪಿ ಕೊಂಡೆ. ಅಂದಿನಿಂದ ಇಪ್ಪತ್ತೆಂಟು ವರ್ಷ, ಹೊಸ್ತಿಲು ದಾಟುವಾಗ ನನ್ನ ಬಲಗೈ ನನ್ನನ್ನು ಕೇಳದೆಯೇ ಅದನ್ನು ತಲೆಗೇರಿಸುತ್ತ ಬಂದಿದೆ.

"ಇವು ಕ್ಯಾನ್ಸರ್ ಅಲ್ಲ ಕ್ಲೆಮ್. ಆದ್ರೆ ಕ್ಯಾನ್ಸರ್ ಆಗೋ ದಾರೀಲಿ ಸಾಲಾಗಿ ನಿಂತಿವೆ" ಎಂದರು ಡಾಕ್ಟರ್ ಫಾಮ್. ನನ್ನ ಮೊಮ್ಮಗಳಾಗಬಹುದಾದಷ್ಟು ಚಿಕ್ಕ ವಯಸ್ಸಿನ ಹೆಂಗಸು, ಆದರೆ ಬೆರಳುಗಳು ಬಡಗಿಯವು. "ಈ ನಡುನೆತ್ತೀದು ಇದೆಯಲ್ಲ, ಇದು ಎಲ್ಲಕ್ಕಿಂತ ಮುಂದೆ ನಿಂತಿದೆ. ಇದನ್ನ ಮುಲಾಮು ಹಚ್ಚಿ ದೀಪದ ಬೆಳಕಲ್ಲಿ ಬೇಗ ತೆಗೀದಿದ್ರೆ ಆಮೇಲೆ ಚಾಕುನೇ. ತೊಡೆ ಚರ್ಮ ತಂದು ನೆತ್ತಿಗೆ ಹೊಲೀಬೇಕಾಗತ್ತೆ."

ತೊಡೆಯ ಚರ್ಮವನ್ನು ನೆತ್ತಿಯ ಮೇಲೆ ಹೊತ್ತು, ಹುಲ್ಲಿನ ಮೇಲೆ ಚೆಂಡುರುಳಿಸಿ ಆಡುವ ನಮ್ಮ ಬೌಲ್ಸ್ ಕ್ಲಬ್ಬಿನೊಳಗೆ ಕಾಲಿಡುವುದನ್ನು ಒಮ್ಮೆ ಕಲ್ಪಿಸಿಕೊಂಡೆ. ಅಲ್ಲಿನ ಗೆಳೆಯರು ಅದಕ್ಕೆ ಎಷ್ಟು ಹೆಸರುಗಳನ್ನಿಡಬಲ್ಲರೆಂಬುದನ್ನೂ ಕಲ್ಪಿಸಿಕೊಂಡೆ. ಬೆಳಕಿನ ಚಿಕಿತ್ಸೆಗೆ ಆ ಕ್ಷಣವೇ ಒಪ್ಪಿದೆ.

ಇಲ್ಲಿ ನನ್ನ ಓದಿನ ವಿಷಯ ಹೇಳಬೇಕು. ನಾನು ಆರನೆಯ ತರಗತಿಗೇ ಶಾಲೆ ಬಿಟ್ಟವನು. ಉಳಿದ ವಿದ್ಯೆಯೆಲ್ಲ ಗಾಲಿಮನೆಗಳು ನಿಲ್ಲುವ ಕ್ಯಾರವಾನ್ ಬಿಡಾರಗಳ ಬಟ್ಟೆ ಒಗೆಯುವ ಕೋಣೆಗಳಲ್ಲಿ, ಸೋಪಿನ ಡಬ್ಬಿಗಳ ಪಕ್ಕ ಯಾರೋ ಬಿಟ್ಟುಹೋದ ಅಗ್ಗದ ಕಾದಂಬರಿಗಳಿಂದ ಬಂದದ್ದು. ಕುದುರೆ, ಪಿಸ್ತೂಲು, ಮರುಭೂಮಿ. ಅವುಗಳ ನಾಯಕನಿಗೆ ಹೆಗಲಿಗೆ ಗುಂಡು ತಗುಲುತ್ತದೆ. ಅವನು ಬೆಲ್ಟು ಕಚ್ಚಿಕೊಂಡು ಅದನ್ನು ಚೂರಿಯಿಂದ ತಾನೇ ಕಿತ್ತು ಹಾಕಿ, ಕಾಫಿ ಕುಡಿದು, ಸೂರ್ಯಾಸ್ತದತ್ತ ಹೊರಡುತ್ತಾನೆ. ಇಂಥ ಎರಡು ಸಾವಿರ ಪುಸ್ತಕಗಳನ್ನು ಓದಿದವನಿಗೆ, ಒಂದು ದೀಪದ ಕೆಳಗೆ ಒಂಬತ್ತು ನಿಮಿಷ ಕೂರುವುದು ದೊಡ್ಡ ಸಂಗತಿಯೇ?

ನರ್ಸ್ ಜೊಸ್ಲಿನ್ ಮಚ್ಚೆಗಳ ಹಕ್ಕಳೆಗಳನ್ನು ಕೆರೆದು, ಮುಲಾಮು ಹಚ್ಚಿ, ಬೆಳಕು ತಾಗದಂತೆ ಮುಚ್ಚಿ, ಮೂರು ಗಂಟೆ ಕೂರಿಸಿದಳು. ಆಮೇಲೆ ಕಣ್ಣಿಗೆ ಕಪ್ಪು ಕನ್ನಡಕ ತೊಡಿಸಿ ಕೆಂಪು ದೀಪವನ್ನು ತಲೆಯ ಮೇಲಕ್ಕೆ ಎಳೆದಳು. ಆಕೆಗೆ ಎಲ್ಲರೂ ಚಿನ್ನವೇ.

"ನೋಡಿ ಚಿನ್ನ, ಇದು ಉರಿಯತ್ತೆ. ಸುಳ್ಳು ಹೇಳಲ್ಲ. ಫ್ಯಾನಿದೆ, ತಣ್ಣೀರು ಸಿಂಪಡಿಸ್ತೀನಿ. ಬೇಕು ಅಂದ್ರೆ ತಲೆ ಮರಗಟ್ಟೋ ಇಂಜೆಕ್ಷನ್ ಇದೆ, ಮೊದಲೇ ಹಾಕ್ಬೋದು."

"ಇಂಜೆಕ್ಷನ್ ಬೇಡ ಸಿಸ್ಟರ್. ನಾನು ಹೇಮೋರ್ ಬೆಟ್ಟದಲ್ಲಿ ಕಾಲಿನ ಮೇಲೆ ಟ್ರ್ಯಾಕ್ಟರ್ ಬೀಳಿಸ್ಕೊಂಡೋನು."

"ಆಗ ಏನಂದ್ರಿ?"

"ಪರವಾಗಿಲ್ಲ ಅಂದೆ."

"ಅದೇ ನನ್ನ ಕಷ್ಟ. ಈ ಊರಿನ ಗಂಡಸರು ಸತ್ತರೂ ಪರವಾಗಿಲ್ಲ ಅಂತಾರೆ. ನಂಗೆ ನಂಬರ್ ಬೇಕು. ಸೊನ್ನೆಯಿಂದ ಹತ್ತು. ಐದು ದಾಟಿದ್ರೆ ಹೇಳಿ, ದೀಪ ನಿಲ್ಲಿಸಿ ಸ್ವಲ್ಪ ಸುಧಾರಿಸ್ಕೊಂಡು ಮತ್ತೆ ಹಾಕ್ತೀನಿ. ಅದ್ರಲ್ಲಿ ನಾಚ್ಕೆ ಏನೂ ಇಲ್ಲ."

ದೀಪ ಹೊತ್ತಿತು. ಮೊದಲ ನಿಮಿಷದಲ್ಲಿ ಯಾರೋ ನೆತ್ತಿಯ ಮೇಲೆ ಬಿಸಿ ಚಮಚ ಇಟ್ಟಂತಾಯಿತು. ಎರಡನೆಯ ನಿಮಿಷದಲ್ಲಿ ಆ ಚಮಚಗಳು ಹದಿನಾಲ್ಕಾದವು. ಮೂರನೆಯದರಲ್ಲಿ ಅವನ್ನಿಟ್ಟವನು ಅವುಗಳನ್ನು ಒತ್ತಿ ತಿರುವತೊಡಗಿದ.

"ಎಷ್ಟು ಚಿನ್ನ?"

"ಎರಡು" ಎಂದೆ. ಮನಸ್ಸಿನಲ್ಲಿ ಎಣಿಕೆ ಹನ್ನೊಂದನ್ನು ದಾಟಿತ್ತು.

ಎರಡೆಂದವನಿಗಾಗಿ ದೀಪ ನಿಲ್ಲಿಸುವವರು ಯಾರು? ನಾಲ್ಕನೆಯ ನಿಮಿಷದಲ್ಲಿ ಮೂತ್ರಕ್ಕೆ ಹೋಗಬೇಕೆಂದು ಸಭ್ಯವಾಗಿ ತಿಳಿಸಿ ಎದ್ದವನು, ಮೂತ್ರದ ಕೋಣೆಯ ಬಾಗಿಲನ್ನು ದಾಟಿ, ಸ್ವಾಗತದ ಮೇಜನ್ನು ದಾಟಿ, ಬಲಗೈಯ ಕೃಪೆಯಿಂದ ಟೋಪಿಯನ್ನೂ ತಲೆಗಿಟ್ಟುಕೊಂಡು, ಬಸ್ಸು ಹತ್ತಿಬಿಟ್ಟೆ. ಚಾಲಕ ನನ್ನನ್ನು ವಿಚಿತ್ರವಾಗಿ ನೋಡಿದ. ಅದು ನನ್ನ ಮುಖದಲ್ಲಿದ್ದ ಗಾಂಭೀರ್ಯಕ್ಕೆಂದು ಭಾವಿಸಿದೆ.

ಕ್ಯಾರವಾನ್ ಬಿಡಾರದಲ್ಲಿ ನನ್ನ ಪಕ್ಕದ ಕ್ಯಾರವಾನು ಮೇವಿಸಳದು. ಒಂದು ಕಾಲದಲ್ಲಿ ಟೊಮೇಟೊ ತೋಟದಲ್ಲಿ ಮೂವತ್ತು ಜನರನ್ನು ದುಡಿಸುತ್ತಿದ್ದವಳಿಗೆ ಈಗ ಗದರಿಸಲು ನಾನೊಬ್ಬನೇ ಉಳಿದಿದ್ದೇನೆ. ಆಕೆಯ ಹಣೆ, ಮೂಗಿನ ಮೇಲೂ ಅಂಥವೇ ಮಚ್ಚೆಗಳಿದ್ದವು. ನಾನು ಬಸ್ಸಿಳಿದು ಬಂದಾಗ ಆಕೆ ಬಟ್ಟೆ ಒಣಗಹಾಕುತ್ತಿದ್ದಳು.

"ಹೇಗಿತ್ತೋ?"

"ಏನಿಲ್ಲ. ಕಿಟಕಿ ಬಿಸಿಲು ಬಿದ್ದ ಹಾಗೆ. ಅರ್ಧ ಕಾದಂಬರಿ ಓದಿ ಮುಗಿಸಿದೆ."

"ಹೌದಾ? ಈ ಕರೀ ಕನ್ನಡಕ ಹಾಕ್ಕೊಂಡೇ ಓದಿದ್ಯಾ?"

ಕೈಯೆತ್ತಿ ನೋಡಿಕೊಂಡೆ. ಕನ್ನಡಕ ಇನ್ನೂ ಕಣ್ಣಿನ ಮೇಲೇ ಇತ್ತು.

"ಓಡಿ ಬಂದಿದೀಯ" ಎಂದಳು ಮೇವಿಸ್, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ. "ಟ್ರ್ಯಾಕ್ಟರ್ ಹೊತ್ತ ವೀರ ಓಡಿ ಬಂದ ಮೇಲೆ ನಾನ್ಯಾಕಪ್ಪ ಹೋಗ್ಲಿ? ಈ ಮೂಗು ಹೀಗೇ ಇರ್ಲಿ ಬಿಡು."

ಆ ಮಾತು ನೆತ್ತಿಯ ಉರಿಗಿಂತ ಹೆಚ್ಚು ದಿನ ಉಳಿಯಿತು. ಇವಳ ಮೂಗಿನ ಹೊಣೆಯೂ ನನ್ನ ನೆತ್ತಿಯ ಮೇಲೆಯೇ ಬಿದ್ದಂತಾಗಿತ್ತು.

ಡಿಸೆಂಬರಿನಲ್ಲಿ ಶುರುವಾಗುವ ನಮ್ಮ ಬೇಸಗೆ ಕಳೆದು ಮಾರ್ಚ್ ಬಂದಾಗ ಜೊಸ್ಲಿನ್ ಫೋನ್ ಮಾಡಿದಳು. ಓಡಿಹೋದವನನ್ನು ಬಯ್ಯುತ್ತಾಳೆಂದುಕೊಂಡಿದ್ದೆ. "ಕನ್ನಡಕ ವಾಪಸ್ ಕೊಡೋಕಾದ್ರೂ ಬನ್ನಿ ಚಿನ್ನ" ಎಂದಳಷ್ಟೆ.

ಹೋದೆ. ಡಾಕ್ಟರ್ ಫಾಮ್ ನಡುನೆತ್ತಿಯನ್ನು ಮುಟ್ಟಿ, ಅದು ಮೊದಲಿಗಿಂತ ದಪ್ಪವಾಗಿದೆಯೆಂದರು. ದೀಪ ಆಗದಿದ್ದರೆ ಇನ್ನೊಂದು ದಾರಿಯಿದೆ, ಹಗಲು ಬೆಳಕಿನಲ್ಲೇ ಮಾಡುವುದು ಎಂದೂ ಹೇಳಿದರು. ಜೊಸ್ಲಿನ್ ಅದನ್ನು ನನಗೆ ತಿಳಿಯುವಂತೆ ಬಿಡಿಸಿಟ್ಟಳು:

"ದೀಪ ಅಂದ್ರೆ ಒಂದು ಬಕೆಟ್ ಬಿಸಿನೀರನ್ನ ಒಂದೇ ಸಲ ತಲೆ ಮೇಲೆ ಸುರಿದ ಹಾಗೆ. ಹಗಲು ಬೆಳಕು ಅಂದ್ರೆ ಅದೇ ಬಕೆಟ್ಟು, ಹನಿ ಹನಿಯಾಗಿ, ಎರಡು ಗಂಟೆ. ಮುಲಾಮು ಚರ್ಮದಲ್ಲಿ ಸೇರ್ಕೊಳ್ತಾ ಇದ್ದ ಹಾಗೇ ಬೆಳಕು ಅದನ್ನ ಕರಗಿಸ್ತಾ ಹೋಗತ್ತೆ. ಒಟ್ಟು ಸೇರ್ಕೊಂಡು ಉರಿಯೋಕೆ ಬಿಡೋದೇ ಇಲ್ಲ."

"ನೋವಿರಲ್ವಾ?"

"ತುಂಬ ಕಮ್ಮಿ."

"ಕಮ್ಮಿ ಅಂದ್ರೆ?"

"ಎರಡು. ನಿಮ್ಮ ಎರಡಲ್ಲ, ನಿಜವಾದ ಎರಡು."

ಆಕೆ ನನ್ನ ತಲೆಗೂ ಮುಖಕ್ಕೂ ಬಿಸಿಲಿನ ಸುಡುವಿಕೆ ತಡೆದು ಬೆಳಕನ್ನು ಮಾತ್ರ ಬಿಡುವ ಸನ್‌ಸ್ಕ್ರೀನ್ ಹಚ್ಚಿ, ನೆತ್ತಿಯ ಹದಿನಾಲ್ಕಲ್ಲದೆ ಮೂಗು, ಗಲ್ಲಗಳ ಮೇಲೆ ಹೊಸದಾಗಿ ಕಂಡ ಒಂದೊಂದು ಮಚ್ಚೆಯ ಹಕ್ಕಳೆಯನ್ನೂ ಕೆರೆದು, ಮೇಲೆ ಮುಲಾಮು ಬಳಿಯುತ್ತ ಇನ್ನೂ ಏನೇನೋ ಹೇಳಿದಳು. ನಾನು ನೋವಿನ ವಿಚಾರವನ್ನು ಇನ್ನೆರಡು ಸಲ ಕೇಳುವುದರಲ್ಲಿ ಮುಳುಗಿದ್ದೆ. ಅರ್ಧ ಗಂಟೆಯೊಳಗೆ ಹೊರಗೆ ಹೋಗಿ ಎರಡು ಗಂಟೆ ಕೂರಬೇಕು, ಆಮೇಲೆ ತೊಳೆದು ಆ ದಿನವಿಡೀ ಒಳಗಿರಬೇಕು ಎಂಬಷ್ಟು ಕಿವಿಗೆ ಬಿತ್ತು. ಒಂದು ಹಾಳೆಯನ್ನೂ ಕೈಗಿತ್ತಳು. ಎರಡು ಸಾವಿರ ಕಾದಂಬರಿ ಓದಿದವನು ಆ ಒಂದು ಹಾಳೆಯನ್ನು ನಾಲ್ಕಾಗಿ ಮಡಿಚಿ ಕಿಸೆಗೆ ಹಾಕಿಕೊಂಡ.

"ಇಲ್ಲೇ ಹಿತ್ತಿಲಲ್ಲಿ ಬೆಂಚಿದೆ, ಕೂತ್ಕೊಳಿ. ಆಗಾಗ ಬಂದು ನೋಡ್ತೀನಿ" ಎಂದಳು.

"ಬೇಡ ಸಿಸ್ಟರ್, ಕಟ್ಟೆ ಹತ್ರ ಹೋಗ್ತೀನಿ. ಗಾಳಿ ಇರತ್ತೆ."

ಗಾಳಿಯ ಮಾತು ನೆಪ. ನೋವು ಬಂದು ನಾನು ಕೂಗಿದರೆ ಮನುಷ್ಯಮಾತ್ರರು ಕೇಳಬಾರದೆಂಬುದೇ ಉದ್ದೇಶ. ಹೊಳೆ ಸಮುದ್ರ ಸೇರುವಲ್ಲಿ ದೋಣಿ ಕಟ್ಟುವ ಹಳೆಯ ಮರದ ಕಟ್ಟೆಯೊಂದಿದೆ. ವಾರದ ದಿನಗಳಲ್ಲಿ ಅಲ್ಲಿ ಪೆಲಿಕನ್ ಹಕ್ಕಿಗಳಲ್ಲದೆ ಬೇರಾರೂ ಇರುವುದಿಲ್ಲ. ತುದಿಗೆ ಹೋಗಿ ಕುಳಿತು, ಸೊಂಟದ ಬೆಲ್ಟು ಬಿಚ್ಚಿ, ಎರಡು ಮಡಿಕೆ ಮಾಡಿ ಹಲ್ಲುಗಳ ನಡುವೆ ಇಟ್ಟುಕೊಂಡೆ. ಕಟ್ಟೆಯ ಕಂಬದ ಮೇಲೆ ಕುಳಿತ ಒಂದು ಮುದಿ ಪೆಲಿಕನ್ ನನ್ನನ್ನು ನೋಡುತ್ತಿತ್ತು. ನಾನೂ ಟೋಪಿಯ ಅಂಚಿನಡಿಯಿಂದ ಅದನ್ನು ದಿಟ್ಟಿಸುತ್ತ, ನೋವಿಗಾಗಿ ಕಾದೆ.

ನೋವು ಬರಲಿಲ್ಲ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಒಂದು ಗಂಟೆಯ ಹೊತ್ತಿಗೆ ಮೂಗಿನ ತುದಿಯಲ್ಲಿ ಸ್ವಲ್ಪ ಚುರುಗುಟ್ಟಿತು, ಅಷ್ಟೇ. ಎರಡು ಗಂಟೆ ಮುಗಿದಾಗ ನನಗಿದ್ದ ಏಕೈಕ ನೋವು ದವಡೆಯದು, ಅದು ಬೆಲ್ಟಿನ ಕೊಡುಗೆ. ನನ್ನೊಳಗೆ ಏನೋ ಉಬ್ಬಿತು. ಕೊನೆಗೂ ನಾನು ಪುಸ್ತಕಗಳಲ್ಲಿನ ಆ ಮನುಷ್ಯನಾಗಿದ್ದೆ.

"ಸೊನ್ನೆ" ಎಂದೆ ಮೇವಿಸಳಿಗೆ. "ದೇವರಾಣೆ ಸೊನ್ನೆ. ನನ್ನ ಜೀವನದಲ್ಲಿ ನೋವಿನ ಬಗ್ಗೆ ಇದೊಂದೇ ನಿಜ ಹೇಳ್ತಾ ಇರೋದು."

ಆಕೆ ನನ್ನ ಕಣ್ಣನ್ನೇ ಬಹಳ ಹೊತ್ತು ನೋಡಿದಳು. ಮೂವತ್ತು ಜನರ ಸುಳ್ಳುಗಳನ್ನು ಹಿಡಿದ ಕಣ್ಣುಗಳು. ಅವಕ್ಕೆ ಏನೂ ಸಿಗಲಿಲ್ಲ, ಏಕೆಂದರೆ ನಾನು ನಿಜವನ್ನೇ ಹೇಳುತ್ತಿದ್ದೆ. "ಸರಿ ಹಾಗಾದ್ರೆ. ನಿನ್ನ ಮಾತಿನ ಮೇಲೆ ಹೋಗ್ತೀನಿ" ಎಂದಳು.

ಎರಡು ವಾರದ ನಂತರ, ಕ್ಲಿನಿಕ್ಕಿನಲ್ಲಿ ಮುಲಾಮು ಹಚ್ಚಿಸಿಕೊಂಡು ಬಂದು, ತನ್ನ ಕ್ಯಾರವಾನಿನ ಮುಂದೆ ಮಡಿಚುವ ಕುರ್ಚಿ ಹಾಕಿಕೊಂಡು, ಬರಿದಲೆಯಲ್ಲಿ, ರೇಡಿಯೊದಲ್ಲಿ ಕ್ರಿಕೆಟ್ ಕೇಳುತ್ತ ಎರಡು ಗಂಟೆ ಕುಳಿತಳು. ನಾನು ಊರಿನಲ್ಲಿರಲಿಲ್ಲ, ಜಿಂಪಿಯಲ್ಲಿ ಒಬ್ಬನಿಗೆ ಬೇಲಿ ಹಾಕಿಕೊಡಲು ಹೋಗಿದ್ದೆ. ಹಿಂದಿರುಗಿದಾಗ ಆಕೆಯ ಮುಖ ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿ ಸಿಪ್ಪೆ ಏಳುತ್ತಿತ್ತು.

"ಸೊನ್ನೆ ಅಂದ್ಯಲ್ಲೋ! ಇರುವೆ ಹರಿದಾಡಿದ ಹಾಗಾಯ್ತು. ಮೂಗಿನ ಹತ್ರ ಚುರ್ ಅಂತು. ಎರಡು ಅಂತ ಇಟ್ಕೋ. ತಡ್ಕೊಳ್ಳೋ ಹಾಗಿತ್ತು, ಬಯ್ಯಲ್ಲ." ಆಮೇಲೆ ನನ್ನ ನೆತ್ತಿಯತ್ತ ನೋಡಿದಳು. "ನಿಂಗೆ ಒಂದು ಸಿಪ್ಪೇನೂ ಏಳಲಿಲ್ವಲ್ಲ?"

"ಹಳೇ ತೊಗಲು" ಎಂದೆ.

ಆಕೆಯ ನೋಟದಲ್ಲಿ ಗೌರವವನ್ನು ಹೋಲುವ ಏನೋ ಕಂಡಿತು. ಅದನ್ನು ವಿನಯದಿಂದ ಸ್ವೀಕರಿಸಿದೆ. ವಿನಯ ನನಗೆ ಅಭ್ಯಾಸವಿಲ್ಲದ ಕಾರಣ ತುಸು ಹೆಚ್ಚೇ ಆಯಿತು. ಆ ಶನಿವಾರ ಬೌಲ್ಸ್ ಕ್ಲಬ್ಬಿನಲ್ಲಿ, ಮಾಂಸದ ಪೈ ತಿನ್ನುತ್ತಿದ್ದ ಐದು ಜನರಿಗೆ ನೋವನ್ನು ಮನೋಬಲದಿಂದ ಗೆಲ್ಲುವ ಬಗೆಯನ್ನು ಉಪನ್ಯಾಸದಂತೆ ವಿವರಿಸಿದೆ. ಉಸಿರನ್ನು ಹೇಗೆ ಬಿಡಬೇಕೆಂದು ಮಾಡಿಯೂ ತೋರಿಸಿದೆ. ಆ ಐವರಲ್ಲಿ ಇಬ್ಬರು ಇಂದಿಗೂ ನನ್ನನ್ನು ಕಂಡರೆ ಹಾಗೆ ಉಸಿರು ಬಿಡುತ್ತಾರೆ.

ಜುಲೈನಲ್ಲಿ ಇಬ್ಬರಿಗೂ ಒಂದೇ ದಿನ ಮರುತಪಾಸಣೆ ಇತ್ತು. ಮೊದಲು ಮೇವಿಸ್ ಒಳಗೆ ಹೋಗಿ ಬಂದಳು. ಹಣೆ, ಮೂಗು ಎರಡೂ ಮಗುವಿನ ಕೆನ್ನೆಯಂತೆ ನುಣುಪಾಗಿದ್ದವು. ಆಮೇಲೆ ನಾನು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಭಿನಂದನೆಗೆ ಸಿದ್ಧನಾಗಿ ಕುಳಿತೆ.

ಡಾಕ್ಟರ್ ಫಾಮ್ ಬೆರಳಾಡಿಸಿದರು. ಮತ್ತೆ ಆಡಿಸಿದರು.

"ಜೊಸ್, ಒಂಚೂರು ಬಾ ಇಲ್ಲಿ."

ಇಬ್ಬರೂ ನನ್ನ ತಲೆಯ ಮೇಲೆ ಬಾಗಿದರು. ಮೂಗಿನ ತುದಿಯಲ್ಲಿದ್ದದ್ದು ಹೋಗಿದೆ, ಗಲ್ಲದ ಮೇಲಿನದೂ ಹೋಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅಲ್ಲಿಂದ ಮೇಲಕ್ಕೆ ಒಂದೂ ಕದಲಿಲ್ಲ. ಹದಿನಾಲ್ಕೂ ಹಾಗೇ ಇವೆ.

"ಮುಲಾಮು ಹಚ್ಚಿದ್ದು ನಾನೇ ಡಾಕ್ಟ್ರೇ, ಎಲ್ಲಾ ಕಡೆ ಒಂದೇ ಸಮ" ಎಂದಳು ಜೊಸ್ಲಿನ್. ಆಮೇಲೆ ಆಕೆಯ ದೃಷ್ಟಿ ನನ್ನ ತೊಡೆಗಿಳಿಯಿತು. ಅಲ್ಲೇ ನಿಂತಿತು.

"ಚಿನ್ನ, ಆ ಟೋಪಿ ಒಂದ್ಸಲ ತಲೆ ಮೇಲಿಡಿ."

ಇಟ್ಟೆ. ಆಕೆ ಕಿಟಕಿಯ ಪರದೆ ಸರಿಸಿದಳು. ಬೆಳಕು ನನ್ನ ಮೇಲೆ ಬಿತ್ತು. ಟೋಪಿಯ ಅಂಚಿನ ನೆರಳು ನನ್ನ ಮುಖದ ಮೇಲೆ ಎಲ್ಲಿ ಮುಗಿಯಿತೋ ಅಲ್ಲಿಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಚಿಕಿತ್ಸೆ ಆರಂಭವಾಗಿತ್ತು.

"ಕಟ್ಟೆ ಮೇಲೆ ಕೂತಾಗ..." ಎಂದು ಜೊಸ್ಲಿನ್ ಬಹಳ ಮೃದುವಾಗಿ ಕೇಳಿದಳು.

"ಬಿಸಿಲಿತ್ತಲ್ಲ ಸಿಸ್ಟರ್" ಎಂದೆ. "ಬಿಸಿಲಿಗೆ ಟೋಪಿ ಹಾಕ್ಕೊಳ್ಳಿ ಅಂತ ಮೂವತ್ತು ವರ್ಷದಿಂದ ಹೇಳ್ತಾ ಇರೋರು ನೀವೇ ಅಲ್ವಾ?"

ಬಾಗಿಲ ಬಳಿ ನಿಂತಿದ್ದ ಮೇವಿಸಳಿಂದ ಒಂದು ಶಬ್ದ ಹೊರಟಿತು. ಕುದಿವ ಕೆಟಲಿನ ಮುಚ್ಚಳ ಹಾರುವ ಮುನ್ನಿನ ಶಬ್ದ.

"ಅಯ್ಯೋ ನನ್ನಪ್ಪಾ! ಟೋಪಿ ಒಳಗೆ ಕತ್ಲೆಲಿ ಕೂತ್ಕೊಂಡು ಸೊನ್ನೆ ಅಂದ್ನಲ್ಲ ಇವ್ನು! ಮನೋಬಲವಂತೆ! ಉಸಿರಂತೆ!" ಆಕೆ ಗೋಡೆ ಹಿಡಿದು ನಕ್ಕಳು. ಜೊಸ್ಲಿನ್ ಬೆನ್ನು ತಿರುಗಿಸಿ ಹತ್ತಿಯ ಡಬ್ಬಿಯನ್ನು ಜೋಡಿಸತೊಡಗಿದಳು, ಭುಜಗಳು ಕುಲುಕುತ್ತಿದ್ದವು. ಜೀವಮಾನದಲ್ಲಿ ನಾನು ಹೇಳಿದ ಒಂದೇ ಒಂದು ನಿಜ ಹೀಗೆ ಸತ್ತಿತು.

ನಗದೆ ಉಳಿದವರು ಡಾಕ್ಟರ್ ಫಾಮ್ ಮಾತ್ರ. ನಡುನೆತ್ತಿಯಿಂದ ಒಂದು ಚೂರನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಉತ್ತರ ಬರುವವರೆಗಿನ ಎಂಟು ದಿನ ನಾನು ಕಾದಂಬರಿ ಓದಲಿಲ್ಲ. ಒಂದು ಪ್ರಶ್ನೆ ಕಾಡುತ್ತಿತ್ತು. ಟೋಪಿಯನ್ನು ತಲೆಗಿಟ್ಟದ್ದು ಬಲಗೈಯ ಅಭ್ಯಾಸವೆಂದು ಎಲ್ಲರಿಗೂ ಹೇಳಿದ್ದೆ. ಆದರೆ ಆ ದಿನ ಕಟ್ಟೆಯ ಮೇಲೆ, ಒಂದು ಗಂಟೆಯ ಹೊತ್ತಿಗೆ ಮೂಗು ಚುರುಗುಟ್ಟಿದಾಗ, ನನ್ನ ಕೈ ಮೇಲಕ್ಕೆ ಹೋಗಿ ಅಂಚನ್ನು ಇನ್ನಷ್ಟು ಕೆಳಗೆಳೆದುಕೊಂಡದ್ದು ನನಗೆ ಚೆನ್ನಾಗಿ ನೆನಪಿತ್ತು. ಆಗ ಆ ಕೈಗೆ ತಾನೇನು ಮಾಡುತ್ತಿರುವೆನೆಂದು ಗೊತ್ತಿರಲಿಲ್ಲವೇ? ಕೈಯನ್ನು ಕೇಳಿದೆ. ಅದು ಟೋಪಿಯತ್ತ ಚಾಚಿತು.

ಉತ್ತರ ಡಾಕ್ಟರರಿಂದ ಬಂತು: ಇನ್ನೂ ಕ್ಯಾನ್ಸರ್ ಆಗಿಲ್ಲ. ಇನ್ನೊಂದು ಸಲ ಪ್ರಯತ್ನಿಸಬಹುದು. "ಒಂದೇ ಸಲ ಕ್ಲೆಮ್. ಇದೂ ಆಗ್ಲಿಲ್ಲ ಅಂದ್ರೆ ತೊಡೆ."

ಮರುವಾರ ನಾನು ಕ್ಲಿನಿಕ್ಕಿನ ಹಿತ್ತಿಲ ಬೆಂಚಿನ ಮೇಲೆ ಕುಳಿತಿದ್ದೆ. ಚಳಿಗಾಲದ ತಿಳಿ ಬೆಳಕು, ಒಂದು ನಿಂಬೆಗಿಡ, ಫ್ಲಾಸ್ಕಿನಲ್ಲಿ ಚಹಾ. ಮೇವಿಸ್ ಕರೆಯದೆಯೇ ಬಂದಿದ್ದಳು. ಬಂದವಳೇ ನನ್ನ ಟೋಪಿಯನ್ನು ಕಿತ್ತುಕೊಂಡು, ಬೆಂಚಿನ ಮೇಲಿಟ್ಟು, ಅದರ ಮೇಲೆ ತನ್ನ ಸಮಸ್ತ ಭಾರದೊಂದಿಗೆ ಆಸೀನಳಾದಳು.

"ಏಯ್, ಅದು ಒಳ್ಳೇ ಫೆಲ್ಟು!"

"ಎರಡು ಗಂಟೆ ಬಿಟ್ಟು ಕೇಳು."

ಇಪ್ಪತ್ತೆಂಟು ವರ್ಷದ ನಂತರ ನನ್ನ ನೆತ್ತಿಗೆ ಆಕಾಶ ಸಿಕ್ಕಿತು. ಬಟ್ಟೆಯಿಲ್ಲದೆ ಬೀದಿಯಲ್ಲಿ ನಿಂತ ಹಾಗಿತ್ತು. ಬಲಗೈ ಮೇಲೇಳುತ್ತಿತ್ತು; ಮೇವಿಸ್ "ಒಂದು" ಎನ್ನುತ್ತಿದ್ದಳು. ಮತ್ತೆ ಏಳುತ್ತಿತ್ತು, "ಎರಡು" ಎನ್ನುತ್ತಿದ್ದಳು. ಮೊದಲ ಅರ್ಧ ಗಂಟೆಯಲ್ಲೇ ಹನ್ನೊಂದರವರೆಗೆ ಎಣಿಸಿದಳು. ನಂತರ ಇರುವೆಗಳು ಬಂದವು. ನಿಜವಾದ ಇರುವೆಗಳಲ್ಲ, ಆಕೆ ಹೇಳಿದ್ದವು. ಅವು ನೆತ್ತಿಯ ಮೇಲೆಲ್ಲ ಹರಿದಾಡಿ, ನಡುವಿನ ಮಚ್ಚೆಯ ಬಳಿ ಸಭೆ ಸೇರಿ ಕಚ್ಚತೊಡಗಿದವು.

"ಮುಖ ಹಿಂಡ್ತಾ ಇದೀಯಲ್ಲ. ಎಷ್ಟು?"

"ಪರವಾಗಿಲ್ಲ."

"ಎಷ್ಟು ಅಂದೆ."

ನಾನು ನಿಂಬೆಗಿಡವನ್ನು ನೋಡಿದೆ. ಪುಸ್ತಕದ ಮನುಷ್ಯ ನನ್ನೊಳಗಿನಿಂದ ಎದ್ದು, ಕುದುರೆಯೇರಿ, ಬಹಳ ದೂರ ಹೋಗುವುದು ಕಂಡಿತು. ಹೋಗಲೆಂದು ಬಿಟ್ಟೆ.

"ಎರಡು. ನಡುನೆತ್ತೀಲಿ ಮೂರು. ಮೂರೂವರೆ ಅಂತ್ಲೇ ಇಟ್ಕೋ."

"ನೋಡು, ಹೇಳಿದ್ರೆ ಗಂಟೇನು ಹೋಯ್ತು?" ಎಂದಳು. ನಗಲಿಲ್ಲ. "ಆ ನೆರಳಿಗೆ ಸರಿ. ನೆರಳಲ್ಲೂ ಬೇಕಾದಷ್ಟು ಬೆಳಕಿರತ್ತೆ ಅಂದಿದಾಳೆ ಜೊಸ್ಲಿನ್, ಆ ಹಾಳೇಲೂ ಬರ್ದಿದೆ." ಬೆಂಚನ್ನು ಇಬ್ಬರೂ ಗಿಡದ ಕೆಳಗೆ ಎಳೆದೆವು, ಆಕೆ ಎದ್ದ ಆ ಎರಡು ಕ್ಷಣವೂ ಟೋಪಿಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದಳು. ನಾನು ತಂದಿದ್ದ ಕಾದಂಬರಿಯನ್ನು ಕಿತ್ತುಕೊಂಡು ನನ್ನ ತಲೆಗೆ ಗಾಳಿ ಬೀಸತೊಡಗಿದಳು. ಮೂರೂವರೆ ಎರಡಕ್ಕಿಳಿಯಿತು. ಅರವತ್ತು ವರ್ಷದಲ್ಲಿ ಆ ಜಾತಿಯ ಪುಸ್ತಕವೊಂದು ನನ್ನ ತಲೆಗೆ ಮಾಡಿದ ಮೊದಲ ಉಪಕಾರ ಅದು.

ಆ ವಾರವೆಲ್ಲ ನೆತ್ತಿ ಸೀಗಡಿಯ ಬಣ್ಣಕ್ಕೆ ತಿರುಗಿತು. ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಪ್ರತಿ ಸಿಪ್ಪೆಯನ್ನೂ ನಾನು ಕನ್ನಡಿಯಲ್ಲಿ ಪ್ರೀತಿಯಿಂದ ನೋಡಿಕೊಂಡೆ.

ಅಕ್ಟೋಬರಿನಲ್ಲಿ ಡಾಕ್ಟರ್ ಫಾಮ್ ಬಡಗಿಯ ಬೆರಳುಗಳನ್ನು ನಡುನೆತ್ತಿಯ ಮೇಲೆ ಇಟ್ಟರು. ಆ ಬೆರಳುಗಳು ಹುಡುಕಿದವು, ನಿಂತವು, ಮತ್ತೆ ಹುಡುಕಿದವು. ಬಾಗಿಲ ಬಳಿಯಿಂದ ಮೇವಿಸ್ ಕತ್ತು ಚಾಚಿ ನೋಡಿದಳು.

"ಹೋಗಿದೆ" ಎಂದರು ಡಾಕ್ಟರ್. "ನಡುವಿಂದು ಪೂರ್ತಿ ಹೋಗಿದೆ. ತೊಡೆ ಅಲ್ಲೇ ಇರ್ಲಿ. ಕಿವಿ ಮೇಲೆ ಒಂದು ಚಿಕ್ಕದು ಉಳ್ಕೊಂಡಿದೆ, ಅಷ್ಟೇ. ಅದನ್ನ ಜೊಸ್ ಹೆಪ್ಪುಗಟ್ಟಿಸೋ ತಣ್ಣನೆ ಗಾಳಿ ಊದಿ ಈಗ್ಲೇ ಸುಟ್ಟುಬಿಡ್ತಾಳೆ."

ನಾನು ಟೋಪಿಯನ್ನು ಮಂಡಿಯ ಮೇಲೆ ಸರಿಪಡಿಸಿಕೊಂಡೆ. ಅದಕ್ಕೀಗ ಟೋಪಿಯ ಆಕಾರ ಉಳಿದಿಲ್ಲ. ಮೇವಿಸ್ ಎರಡು ಗಂಟೆ ಕುಳಿತೆದ್ದ ತಟ್ಟೆಯಂತೆ ಇದೆ. ಬೌಲ್ಸ್ ಕ್ಲಬ್ಬಿನವರು ಅದರ ಕತೆ ಕೇಳಿದಾಗಲೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಬೆಲ್ಟಿನ ವಿಚಾರವನ್ನೊಂದು ಬಿಟ್ಟು.

ಜೊಸ್ಲಿನ್ ತಣ್ಣನೆಯ ಡಬ್ಬಿಯಿದ್ದ ಕಪಾಟಿನತ್ತ ತಿರುಗಿದಳು.

"ನಾಲ್ಕು ಸಿಸ್ಟರ್" ಎಂದೆ.

"ನಾನಿನ್ನೂ ಮುಟ್ಟೇ ಇಲ್ವಲ್ಲ ಚಿನ್ನ!"

"ಗೊತ್ತು. ಮೊದಲೇ ಹೇಳಿಟ್ಟಿರ್ತೀನಿ."